ಏಜೆಂಟ್ ರೀಸ್ಟಾರ್ಟ್ ಮಾಡುವ ಮೊದಲು ಸ್ವಲ್ಪ ತಡೀರಿ

ಸರ್ವರ್ ನಿರ್ವಹಣೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಸರ್ವರ್ ಚೆನ್ನಾಗಿ ಓಡುತ್ತಿದೆ, ಎಲ್ಲ ಸರ್ವರ್‌ಗಳ ಸ್ಥಿತಿ ತೋರಿಸುವ ಕನ್ಸೋಲ್ ಮಾತ್ರ ಅದು ಸತ್ತಿದೆ ಅನ್ನುತ್ತದೆ. ಹಿಂದೆ ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ. ಸಾಲಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ಹೆಚ್ಚಿನ ಜಾಗ ಈ ಬಾರಿ ಅದಕ್ಕೇ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಏಜೆಂಟ್ ಅಂದರೆ ಪ್ರತಿ ಸರ್ವರ್‌ನಲ್ಲಿ ಕೂತು ಕನ್ಸೋಲ್‌ಗೆ ವರದಿ ಕೊಡುವ ಪ್ರೋಗ್ರಾಂ, ಪೋರ್ಟ್ ಅಂದರೆ ಸಂಪರ್ಕ ಬರುವ ನಂಬರ್ ಹಾಕಿದ ಬಾಗಿಲು. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ನೂರಾರು ಸರ್ವರ್‌ಗಳ ರೂಟ್ ಪಾಸ್‌ವರ್ಡ್ ಕೈಯಲ್ಲಿಟ್ಟುಕೊಂಡವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಸರ್, ನಮ್ಮಲ್ಲಿ ಸುಮಾರು 400 ಸರ್ವರ್ ಇವೆ, ಹೆಚ್ಚಿನವು ಲಿನಕ್ಸ್. ಬೆಳಿಗ್ಗೆ ಮ್ಯಾನೇಜ್‌ಮೆಂಟ್ ಕನ್ಸೋಲ್ ತೆರೆದರೆ ಮೂವತ್ತು ನಲವತ್ತು ಸರ್ವರ್ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಲಾಗಿನ್ ಆಗುತ್ತದೆ, ಅಪ್ಲಿಕೇಶನ್‌ಗಳೂ ಓಡುತ್ತಿರುತ್ತವೆ. ಏಜೆಂಟ್ ರೀಸ್ಟಾರ್ಟ್ ಮಾಡಿದ ತಕ್ಷಣ ಹಸಿರು. ಮಾರನೇ ದಿನ ಮತ್ತದೇ ಕಥೆ. ಈಗ ದಿನಾ ಬೆಳಗಿನ ಜಾವ ಏಜೆಂಟ್ ತಾನಾಗಿ ರೀಸ್ಟಾರ್ಟ್ ಆಗುವಂತೆ ಕ್ರಾನ್ ಹಾಕಿದ್ದೇವೆ. ವೆಂಡರ್ ಸಪೋರ್ಟ್‌ನವರು ಏಜೆಂಟ್ ತೆಗೆದು ಹೊಸದಾಗಿ ಹಾಕಿ ಅನ್ನುತ್ತಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಮೊದಲು ಆ ಕ್ರಾನ್ ತೆಗೆಯಿರಿ.

ರೀಸ್ಟಾರ್ಟ್ ಮಾಡಿದ ಕ್ಷಣಕ್ಕೆ ನಿಮ್ಮ ಹತ್ತಿರ ಇದ್ದ ಸಾಕ್ಷಿಯೆಲ್ಲ ಹೋಯಿತು. ಯಾವ ಸಂಪರ್ಕ ಯಾವ ಸ್ಥಿತಿಯಲ್ಲಿ ನೇತಾಡುತ್ತಿತ್ತು, ಏಜೆಂಟ್ ಯಾರಿಗೆ ಕಾಯುತ್ತಿತ್ತು, ಏನೂ ಉಳಿಯುವುದಿಲ್ಲ. ರೀಇನ್‌ಸ್ಟಾಲ್ ಅಂದರೆ ಇನ್ನೂ ಕೆಟ್ಟದ್ದು. ಲಾಗ್ ಫೈಲೂ ಹೋಗುತ್ತದೆ, ಜೊತೆಗೆ ಕನ್ಸೋಲ್‌ನಲ್ಲಿ ಅದೇ ಸರ್ವರ್‌ಗೆ ಎರಡನೇ ಎಂಟ್ರಿ ಹುಟ್ಟಿಕೊಳ್ಳುವ ಸಾಧ್ಯತೆ ಬೇರೆ. ಸಪೋರ್ಟ್‌ನವರು ಹಾಗೆ ಹೇಳುವುದು ನಿಮ್ಮ ರೋಗ ಗೊತ್ತಾಗಿ ಅಲ್ಲ, ಟಿಕೆಟ್ ನಾಲ್ಕು ದಿನ ಮುಂದೆ ಹೋಗಲಿ ಅಂತ.

ಇನ್ನು ಪಿಂಗ್. ದಯವಿಟ್ಟು ಪಿಂಗ್ ಬರುತ್ತಿದೆ ಅಂತ ನನಗೆ ಬರೆಯಬೇಡಿ. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಏಜೆಂಟ್‌ಗೆ ಅದರ ಗಂಧಗಾಳಿಯೂ ಇರುವುದಿಲ್ಲ. ಬಾಗಿಲ ಮುಂದಿನ ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಒಳಗೆ ಯಾರೋ ಎಚ್ಚರ ಇದ್ದಾರೆ ಅಂತಲ್ಲ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಏಜೆಂಟಿನ ಪೋರ್ಟ್‌ಗೆ ಟೆಲ್ನೆಟ್ ಕಮಾಂಡ್‌ನಿಂದ ಸಂಪರ್ಕಿಸಿ ಕನೆಕ್ಟ್ ಆಯಿತು ಅನ್ನುತ್ತಾರೆ. ಅದೂ ಪೂರ್ತಿ ಸಾಕ್ಷಿ ಅಲ್ಲ. ಇಂಥ ಸಂಪರ್ಕ ಕಟ್ಟುವ ನಿಯಮವಾದ ಟಿಸಿಪಿಯ ಮೊದಲ ಮೂರು ಪ್ಯಾಕೆಟ್‌ಗಳ ವ್ಯವಹಾರ ಮುಗಿಸುವುದೂ ಕರ್ನಲ್ಲೇ. ಏಜೆಂಟ್ ಸಂಪೂರ್ಣ ಸ್ತಬ್ಧವಾಗಿ ಕೂತಿದ್ದರೂ, ಅದರ ಕಾಯುವ ಸಾಲು ತುಂಬುವವರೆಗೆ ಟೆಲ್ನೆಟ್ ಕನೆಕ್ಟ್ ಆಗುತ್ತಲೇ ಇರುತ್ತದೆ.

ಹಾಗಾದರೆ ಏನು ನೋಡಬೇಕು? ಬಣ್ಣವನ್ನಲ್ಲ, ಟೈಮ್ ನೋಡಿ. ಈ ಜಾತಿಯ ಎಲ್ಲ ಕನ್ಸೋಲ್‌ಗಳಲ್ಲೂ ಆ ಸರ್ವರ್ ಕೊನೆಯ ಬಾರಿ ಮಾತಾಡಿದ್ದು ಯಾವಾಗ ಅಂತ ತೋರಿಸುವ ಒಂದು ಕಾಲಂ ಇರುತ್ತದೆ. ಎಷ್ಟೋ ಕಡೆ ಅದು ಮುಚ್ಚಿಯೇ ಇರುತ್ತದೆ, ತೆರೆದುಕೊಳ್ಳಿ. ಬೂದು ಸರ್ವರ್‌ಗಳನ್ನಷ್ಟೇ ಆರಿಸಿ ಆ ಕಾಲಂ ಪ್ರಕಾರ ಜೋಡಿಸಿ. ಪಕ್ಕದಲ್ಲಿ ಐಪಿ ವಿಳಾಸದ ಕಾಲಂ ಇಟ್ಟುಕೊಳ್ಳಿ. ಸುಮ್ನೆ ಎರಡು ನಿಮಿಷ ಆ ಪಟ್ಟಿ ನೋಡುತ್ತಾ ಕೂತರೆ ಸಾಕು, ಬಹಳಷ್ಟು ಕಥೆ ಅದೇ ಹೇಳುತ್ತದೆ.

ಎಲ್ಲವೂ ಹೆಚ್ಚುಕಮ್ಮಿ ಒಂದೇ ನಿಮಿಷಕ್ಕೆ ಮಾತು ನಿಲ್ಲಿಸಿದ್ದರೆ ಸರ್ವರ್‌ಗಳನ್ನು ಬಿಟ್ಟುಬಿಡಿ. ಅಷ್ಟೊಂದು ಏಜೆಂಟ್‌ಗಳು ಮಾತಾಡಿಕೊಂಡು ಒಟ್ಟಿಗೆ ಸಾಯುವುದಿಲ್ಲ. ತೊಂದರೆ ನಿಮ್ಮ ಮ್ಯಾನೇಜ್‌ಮೆಂಟ್ ಸರ್ವರ್‌ನಲ್ಲೇ ಇದೆ. ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು, ಲಾಗ್ ಪಾರ್ಟಿಷನ್ ತುಂಬಿರಬಹುದು, ಡೇಟಾಬೇಸ್ ಉಸಿರುಗಟ್ಟಿರಬಹುದು. ಸಣ್ಣದಾಗಿ ಶುರು ಮಾಡಿ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ ಕನ್ಸೋಲ್ ಕೂರಿಸಿದವರು ಇದನ್ನು ಮೊದಲು ನೋಡಿ. 2008 ಆರ್2 ಆವೃತ್ತಿಯಿಂದ 2022ರ ಆವೃತ್ತಿವರೆಗೆ ಅದರಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವ ಹಾಗಿಲ್ಲ. ಆ ಗೋಡೆಗೆ ತಲೆ ತಾಗಿದ ಮೇಲೆ ಹೊಸ ಮಾಹಿತಿ ಒಳಗೆ ಹೋಗುವುದಿಲ್ಲ, ಹಳೆಯದು ಮಾತ್ರ ಪರದೆ ಮೇಲೆ ಹಾಗೇ ಕೂತಿರುತ್ತದೆ. ಕೆಲವು ಕನ್ಸೋಲ್‌ಗಳು ಇಂಥ ಹೊತ್ತಿನಲ್ಲಿ ಕೊನೆಯದಾಗಿ ಗೊತ್ತಿದ್ದ ಹಸಿರು ಬಣ್ಣವನ್ನೇ ತೋರಿಸುತ್ತಾ ಇರುತ್ತವೆ. ಬೂದಿಗಿಂತ ನನಗೆ ಭಯ ಈ ಹಸಿರಿನದ್ದೇ.

ನಿಮ್ಮ ಪತ್ರ ಓದಿದರೆ ನಿಮ್ಮದು ಅದಲ್ಲ. ಮೂವತ್ತು ನಲವತ್ತು ಸರ್ವರ್, ರಾತ್ರಿ ಹೋಗುತ್ತವೆ, ರೀಸ್ಟಾರ್ಟ್ ಮಾಡಿದರೆ ಬರುತ್ತವೆ. ಪಟ್ಟಿ ಜೋಡಿಸಿದಾಗ ಟೈಮ್‌ಗಳು ಚದುರಿದ್ದು, ಐಪಿಗಳು ಮಾತ್ರ ಒಂದೇ ಸಬ್‌ನೆಟ್ಟಿನವು (ನೆಟ್‌ವರ್ಕ್‌ನ ಒಂದೇ ತುಂಡಿನವು) ಆಗಿದ್ದರೆ, ಆ ಸಬ್‌ನೆಟ್‌ಗೂ ನಿಮ್ಮ ಮ್ಯಾನೇಜ್‌ಮೆಂಟ್ ಸರ್ವರ್‌ಗೂ ನಡುವೆ ಒಂದು ಫೈರ್‌ವಾಲ್ ಇದ್ದೇ ಇರುತ್ತದೆ. ಅಲ್ಲಿ ಆಗುವುದು ಇಷ್ಟು.

ಇಂಥ ಎಷ್ಟೋ ಏಜೆಂಟ್‌ಗಳು ಮ್ಯಾನೇಜ್‌ಮೆಂಟ್ ಸರ್ವರ್‌ಗೆ ಒಂದು ಟಿಸಿಪಿ ಸಂಪರ್ಕ ತೆರೆದು ಅದನ್ನೇ ಹಿಡಿದುಕೊಂಡು ಕೂರುತ್ತವೆ. ಹಗಲು ಯಾರಾದರೂ ಏನಾದರೂ ಕೇಳುತ್ತಿರುತ್ತಾರೆ, ಪ್ಯಾಕೆಟ್ ಓಡಾಡುತ್ತಿರುತ್ತದೆ. ರಾತ್ರಿ ಕೇಳುವವರಿಲ್ಲ. ಫೈರ್‌ವಾಲ್ ತನ್ನ ಮೂಲಕ ಹೋಗುವ ಪ್ರತಿ ಸಂಪರ್ಕಕ್ಕೂ ಒಂದು ಟೇಬಲ್‌ನಲ್ಲಿ ಸಾಲು ಇಟ್ಟುಕೊಳ್ಳುತ್ತದೆ. ಒಂದು ಸಾಲಿನಲ್ಲಿ ತುಂಬಾ ಹೊತ್ತು ಚಲನೆ ಇಲ್ಲದಿದ್ದರೆ ಅಳಿಸಿಹಾಕುತ್ತದೆ. ಈ ಹೊತ್ತು ಬಹಳ ಕಡೆ 1 ಗಂಟೆ. ಅಳಿಸಿದ್ದನ್ನು ಸಾಮಾನ್ಯವಾಗಿ ಎರಡು ತುದಿಯಲ್ಲಿ ಯಾರಿಗೂ ಹೇಳುವುದಿಲ್ಲ. ಏಜೆಂಟ್ ತಾನಿನ್ನೂ ಸಂಪರ್ಕದಲ್ಲಿದ್ದೇನೆ ಅಂದುಕೊಂಡಿದೆ. ಮ್ಯಾನೇಜ್‌ಮೆಂಟ್ ಸರ್ವರ್ ಕೂಡ ಹಾಗೇ ಅಂದುಕೊಂಡಿದೆ.

ಬೆಳಗಿನ ಜಾವ ಸರ್ವರ್‌ಗಳ ವಿವರ ಕಲೆಹಾಕುವ ಇನ್ವೆಂಟರಿ ಜಾಬ್ ಓಡುತ್ತದೆ. ಮ್ಯಾನೇಜ್‌ಮೆಂಟ್ ಸರ್ವರ್ ಆ ಹಳೆಯ ಸಂಪರ್ಕದಲ್ಲೇ ಪ್ಯಾಕೆಟ್ ಕಳಿಸುತ್ತದೆ. ಫೈರ್‌ವಾಲ್ ತನ್ನ ಟೇಬಲ್ ನೋಡುತ್ತದೆ, ಸಾಲು ಇಲ್ಲ, ಪ್ಯಾಕೆಟ್ ಬಿಸಾಡುತ್ತದೆ. ಉತ್ತರ ಬರಲಿಲ್ಲ ಅಂತ ಮತ್ತೆ ಕಳಿಸುತ್ತದೆ, ಮತ್ತೆ ಬಿಸಾಡುತ್ತದೆ. ಮ್ಯಾನೇಜ್‌ಮೆಂಟ್ ಸರ್ವರ್ ಲಿನಕ್ಸ್ ಆಗಿದ್ದರೆ ಹೀಗೆ 15 ಸಲ ಪ್ರಯತ್ನಿಸಿ, ಸುಮಾರು 15 ನಿಮಿಷ ಕಳೆದ ಮೇಲೆ ಕೈಬಿಡುತ್ತದೆ. ಆಗ ಬೂದು ಬಣ್ಣ. ಇತ್ತ ಏಜೆಂಟ್‌ಗೆ ಇದ್ಯಾವುದೂ ಗೊತ್ತಿಲ್ಲ. ಅದು ಏನನ್ನೂ ಕಳಿಸುತ್ತಿಲ್ಲ, ಹಾಗಾಗಿ ಏನೂ ಕೆಟ್ಟಿದೆ ಅಂತ ಅದಕ್ಕೆ ಅನ್ನಿಸುವುದೂ ಇಲ್ಲ.

ಸುಮ್ಮನಿರುವ ಸಂಪರ್ಕ ಇನ್ನೂ ಜೀವಂತ ಇದೆಯಾ ಅಂತ ಪರೀಕ್ಷಿಸುವ ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಲಿನಕ್ಸ್‌ನಲ್ಲಿ ಅದರ ಡೀಫಾಲ್ಟ್ 7200 ಸೆಕೆಂಡ್, ಅಂದರೆ 2 ಗಂಟೆ ಸುಮ್ಮನಿದ್ದ ಮೇಲೆ ಮೊದಲ ಪ್ಯಾಕೆಟ್. ಫೈರ್‌ವಾಲ್ 1 ಗಂಟೆಗೇ ಮರೆಯುತ್ತದೆ, ಕರ್ನಲ್ 2 ಗಂಟೆಗೆ ನೆನಪು ಮಾಡುತ್ತದೆ. ನಿಮ್ಮ ಬೂದು ಬಣ್ಣ ಇರುವುದು ಈ ಎರಡು ಅಂಕಿಗಳ ನಡುವೆ. ಇನ್ನೊಂದು ವಿಷಯ: ಏಜೆಂಟ್ ಬರೆದವರು ಆ ಸಂಪರ್ಕಕ್ಕೆ ಕೀಪ್‌ಅಲೈವ್ ಬೇಕು ಅಂತ ಕೋಡಿನಲ್ಲಿ ಕೇಳಿರಬೇಕು. ಕೇಳದಿದ್ದರೆ ನೀವು ಕರ್ನಲ್ ಅಂಕಿಯನ್ನು ಎಷ್ಟು ಇಳಿಸಿದರೂ ಏನೂ ಆಗುವುದಿಲ್ಲ. ಇದನ್ನು ಗುರುತಿಸುವುದು ಸುಲಭ. ಸಂಪರ್ಕಗಳ ಪಟ್ಟಿ ಕೊಡುವ ಎಸ್‌ಎಸ್ ಕಮಾಂಡ್‌ಗೆ ಟೈಮರ್ ತೋರಿಸುವ ಆಯ್ಕೆ ಕೊಟ್ಟರೆ, ಕೀಪ್‌ಅಲೈವ್ ಇರುವ ಸಂಪರ್ಕದ ಪಕ್ಕ ಅದು ಇಳಿಯುತ್ತಿರುವುದು ಕಾಣುತ್ತದೆ. ಇಲ್ಲದಿದ್ದರೆ ಅಲ್ಲಿ ಖಾಲಿ. ಬೂದಾದ ಸರ್ವರ್ ಯಾರೂ ಮುಟ್ಟದೆ ಒಂದೆರಡು ಗಂಟೆ ಬಿಟ್ಟು ತಾನಾಗಿ ಹಸಿರಾದರೆ, ಕೀಪ್‌ಅಲೈವ್ ತಡವಾಗಿಯಾದರೂ ಕೆಲಸ ಮಾಡಿದೆ ಅಂತ ಅರ್ಥ. ನಿಮ್ಮವು ರೀಸ್ಟಾರ್ಟ್ ಮಾಡುವವರೆಗೂ ಬೂದಾಗಿಯೇ ಇರುತ್ತವೆ ಅಂದರೆ, ಬಹುಶಃ ಅದು ಇಲ್ಲವೇ ಇಲ್ಲ.

ಈಗ ಸಾಕ್ಷಿ ಹಿಡಿಯೋಣ. ನಾಳೆ ಬೆಳಿಗ್ಗೆ ಬೂದಾದ ಒಂದೇ ಒಂದು ಸರ್ವರ್ ಆರಿಸಿಕೊಳ್ಳಿ, ರೀಸ್ಟಾರ್ಟ್ ಮಾಡಬೇಡಿ. ಆ ಸರ್ವರ್ ಒಳಗೆ ಹೋಗಿ ಏಜೆಂಟಿನ ಸಂಪರ್ಕ ನೋಡಿ. ಎಸ್ಟಾಬ್ಲಿಷ್ಡ್, ಅಂದರೆ ಸಂಪರ್ಕ ಇದೆ ಅಂತಿರುತ್ತದೆ. ಆ ಸಾಲಿನಲ್ಲಿರುವ ಪೋರ್ಟ್ ನಂಬರ್ ಬರೆದುಕೊಂಡು ಮ್ಯಾನೇಜ್‌ಮೆಂಟ್ ಸರ್ವರ್‌ನಲ್ಲಿ ಅದನ್ನೇ ಹುಡುಕಿ. ಅಲ್ಲಿ ಆ ಸಂಪರ್ಕವೇ ಇರುವುದಿಲ್ಲ. ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಎರಡರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇನ್ನೂ ಗಟ್ಟಿ ಬೇಕಾದರೆ ಮುಂದಿನ ರಾತ್ರಿ ಇನ್ವೆಂಟರಿ ಜಾಬ್ ಹೊತ್ತಿಗೆ ಎರಡೂ ಕಡೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ. ಈ ಕಡೆಯಿಂದ ಅದೇ ಪ್ಯಾಕೆಟ್ ಮತ್ತೆ ಮತ್ತೆ ಹೊರಡುತ್ತದೆ, ಆ ಕಡೆ ಒಂದೂ ತಲುಪುವುದಿಲ್ಲ. ಇದನ್ನು ತೆಗೆದುಕೊಂಡು ನೆಟ್‌ವರ್ಕ್ ತಂಡದ ಹತ್ತಿರ ಹೋಗಿ. ಬರಿಗೈಯಲ್ಲಿ ಹೋದರೆ ಅವರು ಪೋರ್ಟ್ ಓಪನ್ ಇದೆ ಅಂತ ಹೇಳಿ ಕಳಿಸುತ್ತಾರೆ. ಅವರು ಹೇಳುವುದು ನಿಜವೇ, ಹೊಸ ಸಂಪರ್ಕಕ್ಕೆ ಓಪನ್ ಇದೆ. ಅದಕ್ಕೇ ನೀವು ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಹಸಿರಾಗುವುದು.

ಪರಿಹಾರ ಏಜೆಂಟಿನ ಕಡೆಯೇ ಇರಲಿ. ಅದರ ಸೆಟ್ಟಿಂಗ್ಸ್‌ನಲ್ಲಿ ಹಾರ್ಟ್‌ಬೀಟ್ (ನಾನಿದ್ದೇನೆ ಅಂತ ಆಗಾಗ ಕಳಿಸುವ ಸಂದೇಶ) ಅವಧಿ ಇದ್ದರೆ ಫೈರ್‌ವಾಲ್ ಅವಧಿಯ ಅರ್ಧಕ್ಕಿಂತ ಕಡಿಮೆ ಇಡಿ. ಹಾರ್ಟ್‌ಬೀಟ್ ಇಲ್ಲ, ಆದರೆ ಕೀಪ್‌ಅಲೈವ್ ಇದೆ ಅಂದರೆ ಕರ್ನಲ್‌ನ 7200 ಅನ್ನು 600ಕ್ಕೆ ಇಳಿಸಿ. ಎರಡೂ ಇಲ್ಲದ ಏಜೆಂಟ್ ಆದರೆ ವೆಂಡರ್‌ಗೆ ಅದೇ ಮಾತಿನಲ್ಲಿ ಟಿಕೆಟ್ ಹಾಕಿ, ರೀಇನ್‌ಸ್ಟಾಲ್ ಮಾಡಿ ಅನ್ನಲು ಆಗ ಅವರಿಗೆ ಬಾಯಿ ಬರುವುದಿಲ್ಲ. ಫೈರ್‌ವಾಲ್ ಅವಧಿಯನ್ನೇ 24 ಗಂಟೆ ಮಾಡಿಸುವುದು ಸುಲಭದ ದಾರಿ ಅನ್ನಿಸಬಹುದು. ನೆಟ್‌ವರ್ಕ್‌ನವರು ಒಪ್ಪದಿದ್ದರೆ ಜಗಳ ಆಡಬೇಡಿ. ಸತ್ತ ಸಂಪರ್ಕಗಳನ್ನೆಲ್ಲ ಟೇಬಲ್‌ನಲ್ಲಿ ಇಟ್ಟುಕೊಂಡರೆ ಟೇಬಲ್ ತುಂಬುತ್ತದೆ, ಅವರ ಭಯ ನ್ಯಾಯವಾದದ್ದು.

ಒಂದು ಎಚ್ಚರಿಕೆ. ನಿಮ್ಮ ಏಜೆಂಟ್ ಈಗಾಗಲೇ ನಿಮಿಷಕ್ಕೊಮ್ಮೆ ಹಾರ್ಟ್‌ಬೀಟ್ ಕಳಿಸುತ್ತಿದ್ದರೆ ಮೇಲಿನದ್ದೆಲ್ಲ ನಿಮಗೆ ಅನ್ವಯಿಸುವುದಿಲ್ಲ. ಫೈರ್‌ವಾಲ್ ಮೇಲೆ ಹಾಕಬೇಡಿ.

ಆಗ ಟೆಂಪ್ಲೇಟ್ ನೋಡಿ, ಅಂದರೆ ಹೊಸ ಸರ್ವರ್‌ಗಳನ್ನು ನಕಲು (ಕ್ಲೋನ್) ಮಾಡುವ ಮೂಲ ಮೆಷಿನ್. ಬೂದು ಸರ್ವರ್‌ಗಳ ಪಟ್ಟಿ ದಿನಾ ಬದಲಾಗುತ್ತಿದೆಯಾ? ಇವತ್ತು ಇದು ಇದ್ದರೆ ಅದು ಇಲ್ಲ, ನಾಳೆ ಅದು ಇದ್ದರೆ ಇದು ಇಲ್ಲ, ಅಲ್ವಾ? ಕನ್ಸೋಲ್‌ನಲ್ಲಿರುವ ಒಟ್ಟು ಸಂಖ್ಯೆ ನಿಜವಾದ ಸಂಖ್ಯೆಗಿಂತ ಕಡಿಮೆ ಇದೆಯಾ? ಹಾಗಿದ್ದರೆ ಯಾರೋ ಏಜೆಂಟ್ ಹಾಕಿ, ನೋಂದಣಿಯನ್ನೂ ಮಾಡಿ, ಆಮೇಲೆ ಆ ಮೆಷಿನ್ನನ್ನೇ ಟೆಂಪ್ಲೇಟ್ ಮಾಡಿದ್ದಾರೆ. ಅದರಿಂದ ಕ್ಲೋನ್ ಆದವೆಲ್ಲ ಒಂದೇ ಗುರುತು ಹೇಳಿಕೊಂಡು ಬರುತ್ತವೆ, ಕೊನೆಗೆ ಮಾತಾಡಿದವನಿಗೆ ಎಂಟ್ರಿ. ವಿಂಡೋಸ್ ಅಪ್‌ಡೇಟ್ ಹಂಚುವ ಡಬ್ಲ್ಯುಎಸ್‌ಯುಎಸ್‌ನಲ್ಲಿ ಇದು ಹಳೆಯ ಖಾಯಿಲೆ. ಕ್ಲೋನ್‌ಗಳೆಲ್ಲ ರಿಜಿಸ್ಟ್ರಿಯಲ್ಲಿ ಸಸ್‌ಕ್ಲೈಂಟ್‌ಐಡಿ ಅನ್ನುವ ಒಂದೇ ಗುರುತು ಹೊತ್ತುಕೊಂಡು ಕನ್ಸೋಲ್‌ನಲ್ಲಿ ಸರದಿ ಪ್ರಕಾರ ಕಾಣಿಸಿಕೊಂಡು ಮಾಯವಾಗುತ್ತವೆ. ಲಿನಕ್ಸ್‌ನಲ್ಲಿ ಇಟಿಸಿ ಡೈರೆಕ್ಟರಿಯ ಮೆಷಿನ್-ಐಡಿ ಫೈಲ್ ಹೀಗೇ ಮಾಡುತ್ತದೆ. ಅದನ್ನು ಟೆಂಪ್ಲೇಟ್‌ನಲ್ಲಿ ಖಾಲಿ ಮಾಡಿಟ್ಟರೆ ಪ್ರತಿ ಕ್ಲೋನ್ ಮೊದಲ ಬೂಟ್‌ನಲ್ಲಿ ಹೊಸದು ಹುಟ್ಟಿಸಿಕೊಳ್ಳುತ್ತದೆ. ಸಾಧನಗಳ ಮೇಲೆ ನಿಗಾ ಇಡುವ ಪ್ರೊಟೊಕಾಲ್ ಎಸ್‌ಎನ್‌ಎಂಪಿಯ 3ನೇ ಆವೃತ್ತಿಯಲ್ಲಿ ಎಂಜಿನ್ ಐಡಿ ಅಂತ ಒಂದು ಗುರುತು ಇದೆ. ಎರಡು ಸರ್ವರ್‌ಗೆ ಅದು ಒಂದೇ ಆದರೆ ಮ್ಯಾನೇಜರ್ ಲೆಕ್ಕಕ್ಕೂ ಅವುಗಳ ಗಡಿಯಾರಕ್ಕೂ ತಾಳೆ ಆಗುವುದಿಲ್ಲ. ವ್ಯತ್ಯಾಸ 150 ಸೆಕೆಂಡ್ ದಾಟಿದರೆ ಪ್ಯಾಕೆಟ್ ತಿರಸ್ಕಾರ.

ಕ್ಲೋನ್‌ಗಳನ್ನಷ್ಟೇ ಸರಿಪಡಿಸಿ ಟೆಂಪ್ಲೇಟ್ ಮುಟ್ಟದೆ ಬಿಡುವವರು ಮುಂದಿನ ತಿಂಗಳು ಮತ್ತೆ ನನಗೆ ಪತ್ರ ಬರೆಯುತ್ತಾರೆ. ದಯವಿಟ್ಟು ಟೆಂಪ್ಲೇಟ್ ಸರಿ ಮಾಡಿ.

ಪ್ರಶ್ನೆ: ಡೇಟಾಬೇಸ್ ತುಂಬಾ ದೊಡ್ಡದಾಗಿದೆ. ಒಬ್ಬ ಫ್ರೀಲಾನ್ಸ್ ಕನ್ಸಲ್ಟೆಂಟ್ ಹಳೆಯ ಸರ್ವರ್‌ಗಳ ಸಾಲುಗಳನ್ನು ನೇರವಾಗಿ ಟೇಬಲ್‌ನಿಂದ ಡಿಲೀಟ್ ಮಾಡುವ ಸ್ಕ್ರಿಪ್ಟ್ ಕೊಟ್ಟಿದ್ದಾರೆ. ಓಡಿಸಬಹುದಾ?

ಉತ್ತರ: ಬೇಡ. ಇಂಥ ಸ್ಕ್ರಿಪ್ಟ್ ಡಾಕ್ಟರುಗಳು ಈಗ ಜಾಸ್ತಿ ಆಗಿದ್ದಾರೆ. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ, ಅದನ್ನೂ ರೂಟ್ ಆಗಿ ಓಡಿಸಬೇಕು, ಒಳಗೇನಿದೆ ಅಂತ ಕೇಳಬಾರದು. ಒಂದು ಸರ್ವರ್‌ನ ಮಾಹಿತಿ ಹತ್ತಾರು ಟೇಬಲ್‌ಗಳಲ್ಲಿ ಹರಡಿರುತ್ತದೆ. ಒಂದರಲ್ಲಿ ಅಳಿಸಿದರೆ ಉಳಿದವು ಅನಾಥವಾಗುತ್ತವೆ, ಮುಂದಿನ ಅಪ್‌ಗ್ರೇಡ್ ಅಲ್ಲೇ ಮುಗ್ಗರಿಸುತ್ತದೆ, ಆಗ ವೆಂಡರ್ ಕೈತೊಳೆದುಕೊಳ್ಳುತ್ತಾರೆ. ಕನ್ಸೋಲ್‌ನಲ್ಲೇ ಹಳೆಯ ಮಾಹಿತಿ ತೆಗೆಯುವ ಸೆಟ್ಟಿಂಗ್ ಇರುತ್ತದೆ, ಅದನ್ನು ಬಳಸಿ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಸಾಲು ಅಳಿಸಿದರೂ ಫೈಲ್ ಅಷ್ಟೇ ದಪ್ಪ ಇರುತ್ತದೆ. ವ್ಯಾಕ್ಯೂಮ್ ಮಾಡಿದರೆ ಆ ಜಾಗ ಮರುಬಳಕೆಗೆ ಸಿಗುತ್ತದೆ, ಡಿಸ್ಕ್‌ಗೆ ವಾಪಸ್ ಬೇಕಾದರೆ ವ್ಯಾಕ್ಯೂಮ್ ಫುಲ್, ಅದು ಮುಗಿಯುವವರೆಗೆ ಟೇಬಲ್ ಲಾಕ್. ಕೆಲಸದ ಹೊತ್ತಿನಲ್ಲಿ ಮಾಡಬೇಡಿ.

ಪ್ರಶ್ನೆ: ಸರ್ವರ್‌ನ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಪಬ್ಲಿಕ್ ಐಪಿ ಕೊಟ್ಟಿದ್ದೇವೆ, ಮನೆಯಿಂದ ನೋಡಲು ಅನುಕೂಲ. ಪಾಸ್‌ವರ್ಡ್ ಗಟ್ಟಿ ಇದೆ. ಪರವಾಗಿಲ್ವಾ?

ಉತ್ತರ: ಇವತ್ತೇ ತೆಗೆಯಿರಿ, ಇದನ್ನು ಓದಿ ಮುಗಿಸುವ ಮೊದಲೇ ತೆಗೆದರೂ ಸರಿ. 2017ರಲ್ಲಿ ಎಚ್‌ಪಿಇ ಕಂಪನಿಯ ಸರ್ವರ್‌ಗಳ ಮ್ಯಾನೇಜ್‌ಮೆಂಟ್ ಪೋರ್ಟ್ ನಡೆಸುವ ಐಲೋ 4ರಲ್ಲಿ ಒಂದು ದೋಷ ಹೊರಬಿತ್ತು. ಕನೆಕ್ಷನ್ ಹೆಡರ್‌ನಲ್ಲಿ 29 ಸಲ ಎ ಅಕ್ಷರ ಕಳಿಸಿದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬಹುದಿತ್ತು. ಗಟ್ಟಿ ಪಾಸ್‌ವರ್ಡ್ ಅಲ್ಲಿ ಏನು ಮಾಡುತ್ತದೆ? ಇಂಥ ಪೋರ್ಟ್‌ಗಳು ಬಳಸುವ ಪ್ರೊಟೊಕಾಲ್ ಐಪಿಎಂಐ 2.0 ಇನ್ನೂ ವಿಚಿತ್ರ. ಯೂಸರ್‌ನೇಮ್ ಹೇಳಿದರೆ ಸಾಕು, ಲಾಗಿನ್ ಮುಗಿಯುವ ಮೊದಲೇ ಪಾಸ್‌ವರ್ಡಿನ ಹ್ಯಾಶ್ (ಊಹಿಸಿ ತಾಳೆ ನೋಡಬಹುದಾದ ಗೂಢರೂಪ) ಕೈಗೆ ಕೊಡುತ್ತದೆ. 2013ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ ಇದನ್ನು ಬಯಲಿಗೆಳೆದರು. ಇದು ಒಂದು ಕಂಪನಿಯ ತಪ್ಪಲ್ಲ, ಆ ಪ್ರೊಟೊಕಾಲ್ ಇರುವುದೇ ಹಾಗೆ, ಪ್ಯಾಚ್ ಬರುವುದಿಲ್ಲ. ಅದು ಬಳಸುವ ಯುಡಿಪಿ 623ನೇ ಪೋರ್ಟ್ ಹೊರಗೆ ಕಾಣಲೇಬಾರದು. ಅದನ್ನು ಬೇರೆ ವಿಲ್ಯಾನ್‌ನಲ್ಲಿ (ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ) ಇಡಿ, ಅದಕ್ಕೆ ವಿಪಿಎನ್ ಮೂಲಕವೇ ಹೋಗಿ, ಐಪಿಎಂಐ ಬದಲಿಗೆ ಬಂದ ರೆಡ್‌ಫಿಶ್ ಇದ್ದರೆ ಅದನ್ನು ಬಳಸಿ ಐಪಿಎಂಐ ಆಫ್ ಮಾಡಿ.

ಪ್ರಶ್ನೆ: ಓಡುತ್ತಿರುವ ಸರ್ವರ್‌ನ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗಿನ ಸಾಫ್ಟ್‌ವೇರ್) ಮುಟ್ಟಬಾರದು ಅಂತ ನಮ್ಮ ಸೀನಿಯರ್ ಹೇಳುತ್ತಾರೆ.

ಉತ್ತರ: 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕೊಟ್ಟ ಎಚ್ಚರಿಕೆಯನ್ನು ಅವರಿಗೆ ತೋರಿಸಿ. ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಸತ್ತುಹೋಗುತ್ತಿದ್ದವು. ಡ್ರೈವೂ ಇಲ್ಲ, ಡೇಟಾವೂ ಇಲ್ಲ. ಒಂದೇ ದಿನ ಆನ್ ಮಾಡಿದ ಡ್ರೈವ್‌ಗಳು ಒಂದೇ ರೇಡ್‌ನಲ್ಲಿದ್ದರೆ (ಒಂದು ಡ್ರೈವ್ ಹೋದರೂ ಡೇಟಾ ಉಳಿಸುವ ಗುಂಪು) ಹೆಚ್ಚುಕಮ್ಮಿ ಒಟ್ಟಿಗೇ ಹೋಗುತ್ತವೆ, ರೇಡ್ ಏನು ಕಾಯುತ್ತದೆ? 2020ರ ಮಾರ್ಚ್‌ನಲ್ಲಿ ಬೇರೆ ಕೆಲವು ಡ್ರೈವ್‌ಗಳಿಗೆ ಇನ್ನೊಂದು ಎಚ್ಚರಿಕೆ ಬಂತು, ಈ ಸಲ 40,000 ಗಂಟೆ. ಎರಡಕ್ಕೂ ಮದ್ದು ಹೊಸ ಫರ್ಮ್‌ವೇರ್ ಒಂದೇ. ಹಾಗಂತ ಬಿಡುಗಡೆಯಾದ ದಿನವೇ 400 ಸರ್ವರ್‌ಗೆ ಒಟ್ಟಿಗೆ ತಳ್ಳಬೇಡಿ. ಬಿಡುಗಡೆ ಟಿಪ್ಪಣಿ ಓದಿ, ಎರಡು ಮೂರಕ್ಕೆ ಹಾಕಿ, ಕೆಲವು ದಿನ ನೋಡಿ. ನಾನಂತೂ ಕ್ಲಸ್ಟರ್‌ನ ಎರಡೂ ನೋಡ್‌ಗಳನ್ನು ಒಂದೇ ರಾತ್ರಿ ಮುಟ್ಟುವುದಿಲ್ಲ.

ಪ್ರಶ್ನೆ: ಏಜೆಂಟ್ ಫೋಲ್ಡರ್ ಪೂರ್ತಿ ಆಂಟಿವೈರಸ್‌ನಿಂದ ಹೊರಗಿಡಿ ಅಂತ ಇನ್‌ಸ್ಟಾಲ್ ಗೈಡ್‌ನಲ್ಲಿದೆ.

ಉತ್ತರ: ಬೇಡ. 2021ರ ಜುಲೈನಲ್ಲಿ ಕಸೇಯಾ ವಿಎಸ್‌ಎ ಅನ್ನುವ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಮೂಲಕ ರ‍್ಯಾನ್ಸಮ್‌ವೇರ್ ಹರಡಿದ್ದು ಇಂಥದೇ ಹೊರಗಿಟ್ಟ ಫೋಲ್ಡರ್‌ಗೆ ಫೈಲ್ ಇಳಿಸಿ. ನಿಧಾನ ಆಗುತ್ತಿರುವುದು ಡೇಟಾಬೇಸ್ ಫೈಲ್ ಆದರೆ ಅದೊಂದನ್ನೇ ಹೊರಗಿಡಿ, ಫೋಲ್ಡರ್ ಪೂರ್ತಿ ಬೇಡ.

ಪ್ರಶ್ನೆ: ವಿಎಂವೇರ್ ನಿರ್ವಹಣೆಯ ವಿಸೆಂಟರ್ ರೀಬೂಟ್ ಮಾಡಿದರೆ ವರ್ಚುವಲ್ ಮೆಷಿನ್‌ಗಳು ನಿಂತುಹೋಗುತ್ತವಾ?

ಉತ್ತರ: ಇಲ್ಲ. ಹೋಸ್ಟ್ ಕೆಟ್ಟರೆ ಮೆಷಿನ್‌ಗಳನ್ನು ಬೇರೆಡೆ ಎಬ್ಬಿಸುವ ಎಚ್‌ಎ ಕೂಡ ಕೆಲಸ ಮಾಡುತ್ತಿರುತ್ತದೆ, ಹೊರೆ ಹಂಚುವ ಡಿಆರ್‌ಎಸ್ ಮಾತ್ರ ವಿಸೆಂಟರ್ ವಾಪಸ್ ಬರುವವರೆಗೆ ಸುಮ್ಮನಿರುತ್ತದೆ.

ಪ್ರಶ್ನೆ: ಲಿನಕ್ಸ್‌ನ ಭದ್ರತಾ ಕಾವಲು ಎಸ್‌ಇ ಲಿನಕ್ಸ್ ಆಫ್ ಮಾಡಿದರೆ ಏಜೆಂಟ್ ಓಡುತ್ತದೆ, ಹಾಗೇ ಬಿಡಬಹುದಾ?

ಉತ್ತರ: ಬಿಡಬಾರದು. ಪರ್ಮಿಸಿವ್‌ನಲ್ಲಿಟ್ಟು (ತಡೆಯದೆ ಬರೀ ದಾಖಲಿಸುವ ಸ್ಥಿತಿ) ಆಡಿಟ್ ಲಾಗ್ ಓದಿ, ಏನು ತಡೆಯುತ್ತಿದೆ ಅಂತ ಅಲ್ಲೇ ಬರೆದಿರುತ್ತದೆ.

ಪ್ರಶ್ನೆ: ತೊಂದರೆ ಆದರೆ ಸರ್ವರ್ ತಾನಾಗಿ ಅಲರ್ಟ್ ಕಳಿಸಲಿ ಅಂತ ಎಸ್‌ಎನ್‌ಎಂಪಿ ಟ್ರ್ಯಾಪ್ ಹಾಕಿದ್ದೇವೆ. ಆದರೂ ಡಿಸ್ಕ್ ಹೋದ ಅಲರ್ಟ್ ಬರಲಿಲ್ಲ.

ಉತ್ತರ: ಟ್ರ್ಯಾಪ್ ಯುಡಿಪಿಯಲ್ಲಿ ಹೋಗುತ್ತದೆ, ತಲುಪಿತಾ ಅಂತ ಯಾರೂ ಕೇಳುವುದಿಲ್ಲ. ತಲುಪಿದ್ದಕ್ಕೆ ಉತ್ತರ ಕೇಳುವ ಇನ್‌ಫಾರ್ಮ್ ಬಳಸಿ, ಜೊತೆಗೆ ಪೋಲಿಂಗ್ (ಕನ್ಸೋಲ್ ತಾನೇ ಆಗಾಗ ವಿಚಾರಿಸುವುದು) ಕೂಡ ಇರಲಿ.

ಪ್ರಶ್ನೆ: ಎಲ್ಲಕ್ಕಿಂತ ಒಳ್ಳೆಯ ಸರ್ವರ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಯಾವುದು?

ಉತ್ತರ: ಯಾವುದರ ಲಾಗ್ ಓದಲು ನಿಮ್ಮ ತಂಡದಲ್ಲಿ ಒಬ್ಬರಿಗಾದರೂ ಬರುತ್ತದೋ ಅದು.

ಪ್ರಶ್ನೆ: ಮ್ಯಾನೇಜ್‌ಮೆಂಟ್ ಸರ್ವರ್‌ನ ಸರ್ಟಿಫಿಕೇಟ್ ಅವಧಿ ಮುಗಿಯಿತು. ಗಡಿಯಾರ ಎರಡು ವಾರ ಹಿಂದಕ್ಕೆ ತಿರುಗಿಸಿದ್ದೇವೆ, ಎಲ್ಲ ಕೆಲಸ ಮಾಡುತ್ತಿದೆ. ಹೊಸ ಸರ್ಟಿಫಿಕೇಟ್ ಯಾವಾಗ ಹಾಕಿದರೂ ಆಯಿತಲ್ವಾ?

ಉತ್ತರ: ಎಲ್ಲ ಕೆಲಸ ಮಾಡುತ್ತಿಲ್ಲ, ನೀವು ನೋಡಿಲ್ಲ ಅಷ್ಟೇ. ಡೊಮೇನ್ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಡೀಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸ ಮಾತ್ರ ಸಹಿಸುತ್ತದೆ, ನಿಮ್ಮದು ಎರಡು ವಾರ. ಡೊಮೇನ್ ಲಾಗಿನ್ ಮಾಡಿ ನೋಡಿ. ಲಾಗ್‌ಗಳಿಗೆಲ್ಲ ಸುಳ್ಳು ಟೈಮ್ ಬೀಳುತ್ತಿದೆ, ಶೆಡ್ಯೂಲ್ ಮಾಡಿದ ಜಾಬ್‌ಗಳು ಎರಡನೇ ಸಲ ಓಡಬಹುದು. ಗಡಿಯಾರ ತಿರುಗಿಸುವುದಕ್ಕೆ ಒಂದೇ ನೆಪ ಇದೆ: ಹಳೆಯ ಸರ್ಟಿಫಿಕೇಟ್ ಇಲ್ಲದೆ ಹೊಸದು ಹಾಕುವ ಪರದೆಗೇ ಹೋಗಲಾಗದಿದ್ದರೆ. ಅದೂ ಹತ್ತು ನಿಮಿಷ, ಏಜೆಂಟ್‌ಗಳ ಸಂಪರ್ಕ ಕಡಿದು. ಇವತ್ತು ಸಂಜೆಯೇ ಹೊಸದು ಹಾಕಿ, ಗಡಿಯಾರ ಸರಿ ಮಾಡಿ, ಗಡಿಯಾರವನ್ನು ತಾನಾಗಿ ಸರಿ ಇಡುವ ಎನ್‌ಟಿಪಿ ಮತ್ತೆ ಆನ್ ಮಾಡಿ. ಹೊಸದರ ಮುಕ್ತಾಯ ದಿನಾಂಕ ತಂಡದ ಕ್ಯಾಲೆಂಡರ್‌ಗೆ ಹೋಗಲಿ, ಒಬ್ಬರ ತಲೆಯಲ್ಲಿ ಅಲ್ಲ. ಸಾರ್ವಜನಿಕ ಸರ್ಟಿಫಿಕೇಟ್ ಬಳಸುವವರು ಈ ಕೆಲಸವನ್ನು ಕೈಯಲ್ಲಿ ಮಾಡುವುದನ್ನೇ ಬಿಡಿ. ಅವುಗಳ ಗರಿಷ್ಠ ಅವಧಿ 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಯುತ್ತದೆ.